ಚಿಲ್ಲರೆ ಕೋಣೆಯ ಚಿಲಕ

ಮಧ್ಯಾಹ್ನ ಊಟವಾದ ಮೇಲೆ ನಮ್ಮ ಮನೆಯಲ್ಲಿ ಯಾರೂ ಒಗ್ಗರಣೆ ಹಾಕುವ ಹಾಗಿರಲಿಲ್ಲ. ಕುಟ್ಟುವ ಹಾಗಿರಲಿಲ್ಲ, ಪಾತ್ರೆ ತಿಕ್ಕುವ ಹಾಗಿರಲಿಲ್ಲ. ಕೈಬಳೆಗಳನ್ನು ಮೊಣಕೈ ಕಡೆಗೆ ಏರಿಸಿಕೊಂಡು, ಅಲುಗದ ಹಾಗೆ ಓಡಾಡಬೇಕು. ಮಜ್ಜಿಗೆ ಮಾರುವಾಕೆಗೂ ಇದು ಗೊತ್ತಿತ್ತು. ಆಕೆ ಕೂಗದೆ ಕಟ್ಟೆಯ ಮೇಲೆ ಕೂತು, ಯಾರಾದರೂ ಹೊರಗೆ ಬರುವ ತನಕ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದಳು. ಹೊಸಬರು ಬಂದರೆ ಒಳಗೆ ಎಳೆಗೂಸು ಮಲಗಿದೆ ಅಂದುಕೊಳ್ಳಬೇಕು, ಅಷ್ಟು ಸೈಲೆನ್ಸ್.

ಕೂಸು ಇರಲಿಲ್ಲ. ಹಿತ್ತಲ ಕಡೆಯ ಕೋಣೆಯಲ್ಲಿ ನಾನಿರುತ್ತಿದ್ದೆ. ಮುಂದೆ ಒಂದು ಕಡಪಾ ಕಲ್ಲು, ಪಕ್ಕದಲ್ಲಿ ಚಿಲ್ಲರೆಯ ಚೀಲ. ಒಂದೊಂದೇ ನಾಣ್ಯ ಕಲ್ಲಿನ ಮೇಲೆ ಬೀಳಿಸಬೇಕು, ಕೇಳಬೇಕು, ಅದರದರ ಗುಂಪಿಗೆ ಹಾಕಬೇಕು. ಬಾಗಿಲಿಗೆ ಹೊರಗಿನಿಂದ ಚಿಲಕ.

ನಮ್ಮ ಮಾವನವರದು ಚಿಲ್ಲರೆ ಒದಗಿಸುವ ವ್ಯವಹಾರ. ಆದೋನಿ ಅಂದರೆ ಹತ್ತಿಯ ಊರು. ಜಿನ್ನಿಂಗ್ ಮಿಲ್ಲುಗಳಿಗೆ ವಾರದ ಬಟವಾಡೆಗೆ ಚಿಲ್ಲರೆ ಬೇಕು. ಬಸ್ಸಿನವರಲ್ಲಿ, ಟೆಂಟ್ ಸಿನಿಮಾದವರಲ್ಲಿ, ಸಂತೆಯವರಲ್ಲಿ ಚಿಲ್ಲರೆ ಜಾಸ್ತಿಯಾಗಿ ಬಿದ್ದಿರುತ್ತದೆ. ಅವರಿಂದ ತಂದು ಇವರಿಗೆ ಕೊಟ್ಟು, ನಡುವೆ ಒಂದಿಷ್ಟು ವಟ್ಟ ಹಿಡಿಯುವುದು. ಅದು ಹೊರಗಿನ ವ್ಯವಹಾರ. ಒಳಗಿನದು ಬೇರೆ ಇತ್ತು. ಯುದ್ಧಕ್ಕಿಂತ ಮುಂಚಿನ ರೂಪಾಯಿ, ಎಂಟಾಣೆ, ನಾಲ್ಕಾಣೆಯ ಪಾವಲಿಗಳಲ್ಲಿ ಒಳ್ಳೆಯ ಬೆಳ್ಳಿ. ಯುದ್ಧದ ಕಾಲದವುಗಳಲ್ಲಿ ಅರ್ಧ ಬೆಳ್ಳಿ. ಆಮೇಲಿನವು ಬರೀ ನಿಕ್ಕಲ್. ಬೆಲೆ ಮೂರಕ್ಕೂ ಒಂದೇ, ತೂಕದ ಬೆಲೆ ಬೇರೆ. ಬೆಳ್ಳಿಯವನ್ನು ಆರಿಸಿ ತೆಗೆದು ಅಕ್ಕಸಾಲಿಗೆ ಕೊಟ್ಟರೆ ರೂಪಾಯಿಗಿಂತ ಹೆಚ್ಚು ಬರುತ್ತಿತ್ತು. ಚಲಾವಣೆಯ ನಾಣ್ಯ ಕರಗಿಸುವುದು ಎಲ್ಲರಿಗೂ ಹೇಳುವ ಮಾತಲ್ಲ. ಅದಕ್ಕೇ ಕೋಣೆಯ ಒಂದೇ ಕಿಟಕಿಗೆ ಹತ್ತಿ ತುಂಬಿದ ಗೋಣಿಚೀಲ ಒತ್ತಿ ಗಿಡಿದಿದ್ದರು. ಸದ್ದೂ ಹೊರಗೆ ಹೋಗಬಾರದು, ಬಿಸಿಲೂ ಒಳಗೆ ಬರಬಾರದು ಅನ್ನುತ್ತಿದ್ದರು ಮಾವ. ಗಾಳಿಯ ಮಾತು ಎತ್ತುತ್ತಿರಲಿಲ್ಲ.

ಇಸವಿ ಕಾಣುವ ನಾಣ್ಯವನ್ನು ಯಾರು ಬೇಕಾದರೂ ಆರಿಸಬಹುದು. ನನ್ನ ಮುಂದೆ ಬರುತ್ತಿದ್ದವು ಮೂಗು ಮುಖ ಸವೆದ ರಾಜರು. ಕೈಯಿಂದ ಕೈಗೆ ದಾಟಿ, ಸೊಂಟದ ಚೀಲಗಳಲ್ಲಿ ತಿಕ್ಕಾಡಿ, ಅಕ್ಷರ ಅಳಿಸಿಹೋದವು. ಅವುಗಳ ನಡುವೆ ಸೀಸ ತುಂಬಿದ ಖೋಟಾ ನಾಣ್ಯವೂ ಸೇರಿರುತ್ತಿತ್ತು. ಅಂಥವನ್ನು ಕಣ್ಣಿನಿಂದ ಹೇಳಲಾಗುವುದಿಲ್ಲ, ಕಿವಿಯೇ ಬೇಕು.

ಆ ಕಿವಿ ನನಗೆ ಬಂದದ್ದು ಬಳ್ಳಾರಿಯಲ್ಲಿ. ಅಪ್ಪ ಅಲ್ಲಿ ರೈಲ್ವೆ ಗುಮಾಸ್ತರು. ನಾನು ಕಾನ್ವೆಂಟಿನ ಹುಡುಗಿ, ಕ್ವಾಯರಿನಲ್ಲಿ ಹಾಡುತ್ತಿದ್ದೆ. ಹಾಡು ಕಲಿಸುವ ಸಿಸ್ಟರ್ ಹತ್ತಿರ ಎರಡು ಕವಲಿನ ಉಕ್ಕಿನ ಟ್ಯೂನಿಂಗ್ ಫೋರ್ಕ್ ಇತ್ತು. ಅದನ್ನು ಮೇಜಿಗೆ ತಟ್ಟಿ ಕಿವಿಯ ಹತ್ತಿರ ಹಿಡಿದು, “ಲಿಸನ್ ಟು ದಿ ಎಂಡ್ ಆಫ್ ಇಟ್, ಚೈಲ್ಡ್” ಅನ್ನುತ್ತಿದ್ದರು. ಸದ್ದು ಹುಟ್ಟುವಾಗ ಎಲ್ಲರಿಗೂ ಕೇಳಿಸುತ್ತದೆ, ಸಾಯುವಾಗ ಕೇಳಬೇಕು ಅಂತ. ಹಾಗೆ ಕೇಳಿ ಕೇಳಿ ನಾನು ಪ್ರೈಜ್ ತಗೊಂಡೆ. ಅದರ ಮರುವರ್ಷವೇ ಮದುವೆಯಾಗಿ ಆದೋನಿಗೆ ಬಂದೆ. ಅಷ್ಟರಲ್ಲಿ ಬಳ್ಳಾರಿ ಮೈಸೂರಿಗೆ, ಆದೋನಿ ಆಂಧ್ರಕ್ಕೆ ಅಂತ ಹಂಚಿಕೆಯೂ ಆಗಿತ್ತು. ರೈಲಿನಲ್ಲಿ ಸ್ವಲ್ಪ ದೂರ, ಆದರೆ ತವರು ಇನ್ನೊಂದು ರಾಜ್ಯ.

ಆ ಮನೆಗೆ ಒಂದು ಪದ್ಧತಿಯಿತ್ತು. ಹೊಸ ಸೊಸೆ ಬಂದ ಮೂರನೆಯ ದಿನ, ಅಡಿಗೆಮನೆಯ ಕೆಲಸಕ್ಕೆ ಹಚ್ಚುವ ಮುಂಚೆ, ಕಿವಿ ನೋಡುವುದು. ನನಗೆ ಯಾರೂ ಹೇಳಿರಲಿಲ್ಲ. ಅರಿಸಿನದ ಸೀರೆಯಲ್ಲೇ ಕರೆದರು.

“ಅಮ್ಮಾಯಿ, ಗ್ವಾಡಿ ಕಡೆ ಮುಖ ಮಾಡಿ ಕುಂದ್ರು. ಹಿಂದ ತಿರುಗಬ್ಯಾಡ,” ಅಂದರು ಮಾವ. ಬೆನ್ನ ಹಿಂದೆ ಕಲ್ಲಿನ ಮೇಲೆ ನಾಣ್ಯ ಬಿತ್ತು. ಇನ್ನೊಂದು, ಮತ್ತೊಂದು. “ಮೂರೂ ಒಂದ ಅದಾವೋ, ಬ್ಯಾರೆ ಬ್ಯಾರೆ ಅದಾವೋ?”

ಪರೀಕ್ಷೆ ಅಂದರೆ ನನಗೆ ಮೈಯೆಲ್ಲ ಉತ್ಸಾಹ. ಬಾಗಿಲಲ್ಲಿ ಅತ್ತೆ ನಿಂತಿದ್ದರು. ಕಣ್ಣಂಚಿನಲ್ಲಿ ಕಾಣುತ್ತಿತ್ತು; ತಲೆಯನ್ನು ಸಣ್ಣಗೆ ಅತ್ತ ಇತ್ತ ಆಡಿಸಿದರು. ಹಿರಿಯರ ಮುಂದೆ ಗಟ್ಟಿಯಾಗಿ ಮಾತಾಡಬೇಡ ಅನ್ನುತ್ತಿದ್ದಾರೆ ಅಂದುಕೊಂಡು ನಾನು ದನಿ ತಗ್ಗಿಸಿದೆ, ಅಷ್ಟೇ.

“ಮೊದಲನೇದು ಉದ್ದಕ ಹೋಗತೈತ್ರಿ. ಎರಡನೇದಕ್ಕ ಗಂಟಲು ಕಟ್ಟೇತಿ. ಮೂರನೇದು ಭಾಳ ಶಾರ್ಪ್.”

“ಶಾರ್ಪ್ ಅಂತ ಶಾರ್ಪ್!” ಮಾವ ತೊಡೆ ತಟ್ಟಿಕೊಂಡು ನಕ್ಕರು. “ಚೂಡು, ನೋಡಿಲ್ಲಿ, ನಿಕ್ಕಲ್ಲಿಗೆ ಇಂಗ್ಲಿಷ್ ಹೆಸರಿಟ್ಳು! ನಮ್ಮವ್ವ ಹೋದ ಮ್ಯಾಲೆ ಈ ಮನ್ಯಾಗ ಕಿವೀನ ಇದ್ದಿಲ್ಲ. ನನ್ನವೂ ಮಂದ ಆದ್ವು. ಈಕಿಗೂ ಕೇಳಿಸಿ ನೋಡಿದ್ದೆ, ಮದಿವಿ ಆದ ಹೊಸದಾಗಿ,” ಅಂತ ಅತ್ತೆಯ ಕಡೆ ಗದ್ದ ತೋರಿಸಿದರು. “ಎಲ್ಲಾ ಒಂದ ಅದಾವ್ರಿ ಅಂದ್ಲು. ಕಲ್ಲಿನ ಕಿವಿ.”

ಅತ್ತೆ ಅಡಿಗೆಮನೆಗೆ ಹೋದರು. ಆಮೇಲೆ ಒಲೆಯ ಮುಂದೆ ಕೂತಾಗ, “ಭಾಳ ಶಾಣ್ಯಾಕಿ ಅದೀಯವ್ವ,” ಅಂದರು. ನಾನು ಅದನ್ನು ಕಾಂಪ್ಲಿಮೆಂಟ್ ಅಂದುಕೊಂಡು, ತಲೆ ಬಗ್ಗಿಸಿ, “ಥ್ಯಾಂಕ್ಸ್ ಅತ್ತಿ,” ಅಂದೆ. ಥ್ಯಾಂಕ್ಸ್! ಈಗ ನೆನೆಸಿಕೊಂಡರೆ ಒಬ್ಬಳೇ ಕೂತಿದ್ದಾಗಲೂ ಮುಖ ಬಿಸಿಯಾಗುತ್ತದೆ.

ಮರುದಿನದಿಂದ ಕೋಣೆ. ಊಟವಾದ ಕೂಡಲೇ ಒಳಗೆ ಹೋಗುವುದು. ಅತ್ತೆ ಹೊರಗಿನಿಂದ ಚಿಲಕ ಹಾಕುವರು. ನಾಲ್ಕು ಗಂಟೆಗೆ ಬಜಾರಿನಿಂದ ಬಂದ ಮಾವ ತೆಗೆಯುವರು. ಒಳಗೆ ಅಷ್ಟು ಚಿಲ್ಲರೆ ಇರುವಾಗ ಬಾಗಿಲು ತೆರೆದಿಡಲಾದೀತೇ ಅನ್ನುವುದು ಅವರ ಮಾತು. ನನ್ನನ್ನು ಕೂಡಿಹಾಕುವ ಉದ್ದೇಶ ಅವರಿಗೆ ನಿಜವಾಗಿಯೂ ಇರಲಿಲ್ಲ ಅಂತ ಈಗ ಅನ್ನಿಸುತ್ತದೆ. ಕೂಡಿಡುತ್ತಿದ್ದದ್ದು ಬೆಳ್ಳಿಯನ್ನು, ನಾನು ಅದರ ಜೊತೆ ಇದ್ದೆ. ಹೊರಗೆ ಬಂದು ಹೊಸ್ತಿಲಲ್ಲಿ ನಿಂತು ಸೆರಗು, ನೆರಿಗೆ ಕೊಡವಿ, ಏನೂ ಒಯ್ಯುತ್ತಿಲ್ಲ ಅಂತ ತೋರಿಸಬೇಕು. ಕೊಡವು ಅಂತ ಯಾರೂ ಹೇಳುತ್ತಿರಲಿಲ್ಲ. ಅತ್ತೆಯ ಅತ್ತೆಯೂ ಕೊಡವುತ್ತಿದ್ದರಂತೆ. ಆ ಹೊತ್ತಿಗೆ ನಮ್ಮ ಅತ್ತೆ ಮಾತ್ರ ಪ್ರತಿಸಲ ಯಾವುದೋ ಕೆಲಸ ಹಚ್ಚಿಕೊಂಡು ಬೆನ್ನು ತಿರುಗಿಸಿರುತ್ತಿದ್ದರು.

ಬೆರಳು ಕರ್ರಗಾಗುತ್ತಿದ್ದವು. ಹುಣಸೆಹಣ್ಣು, ಬೂದಿ ಹಚ್ಚಿ ತಿಕ್ಕಿದರೂ ಉಗುರಿನ ಸಂದಿಯಲ್ಲಿ ಉಳಿಯುತ್ತಿತ್ತು. ಪಿಯಾನೋ ಮೇಲೆ ಆಡಿದ ಬೆರಳು ಅಂತ ನೋಡಿಕೊಳ್ಳುತ್ತಿದ್ದೆ. ನನ್ನ ಗಂಡ ಮಿಲ್ಲಿನಲ್ಲಿ ಕ್ಲಾರ್ಕು, ಸಾಧು. “ಅಪ್ಪಗ ಹೇಳ್ತೀನಿ, ಸ್ವಲ್ಪ ತಡಿ,” ಅನ್ನುತ್ತಿದ್ದರು. ಅಪ್ಪನ ಮುಂದೆ ಹೋದರೆ ಹತ್ತಿಯ ರೇಟು ಮಾತಾಡಿ ಬರುತ್ತಿದ್ದರು.

ಸಂತೋಷದ ಗಳಿಗೆಗಳು ಇರಲಿಲ್ಲ ಅಂದರೆ ಸುಳ್ಳಾದೀತು. ಒಮ್ಮೊಮ್ಮೆ ಕುಂಪಣಿ ಕಾಲದ ರೂಪಾಯಿ ಸಿಗುತ್ತಿತ್ತು. ನಿಜಾಮನ ರಾಜ್ಯದ ಗಡಿ ಹತ್ತಿರವಾದ್ದರಿಂದ ಚಾರ್‌ಮಿನಾರ್ ಚಿತ್ರದ ಹಾಲಿ ಸಿಕ್ಕವೂ ಬರುತ್ತಿತ್ತು. ಅಂಥವನ್ನು ಬೇರೆ ಇಟ್ಟರೆ ಗುಂತಕಲ್ಲಿನಿಂದ ಒಬ್ಬ ರಿಟೈರ್ಡ್ ರೈಲ್ವೆ ಆಫೀಸರ್ ಬಂದು, ಲೆನ್ಸ್ ಹಿಡಿದು ನೋಡಿ, ಕರಗಿಸುವ ಬೆಲೆಗಿಂತ ಎಷ್ಟೋ ಹೆಚ್ಚು ಕೊಟ್ಟು ಒಯ್ಯುತ್ತಿದ್ದರು. “ಫೈಂಡ್ಸ್!” ಅನ್ನುತ್ತಿದ್ದರು ಆತ, ಮಗುವಿನ ಹಾಗೆ. ಕೋಣೆಯಿಂದ ನನಗಿಂತ ಮೊದಲು ಒಳ್ಳೆಯ ಮನೆಗೆ ಹೋದವು ಆ ನಾಣ್ಯಗಳು.

ಇನ್ನೊಂದು ಸದ್ದಿತ್ತು. ಸ್ಟೇಷನ್ ಕಡೆ ಬಾಡಿಗೆ ಬಂಗಲೆಯಲ್ಲಿ ಸಿಸ್ಟರುಗಳು ಒಂದು ಸಣ್ಣ ಶಾಲೆ ತೆರೆದಿದ್ದರು. ಬೇವಿನ ಮರಕ್ಕೆ ರೈಲು ಹಳಿಯ ತುಂಡು ನೇತುಹಾಕಿ, ಅದೇ ಗಂಟೆ. ಹತ್ತಿ ಗಿಡಿದ ಕಿಟಕಿ ದಾಟಿಯೂ ನನಗೆ ಅದು ಕೇಳುತ್ತಿತ್ತು. ಪಿಯಾನೋ ಸ್ವರದ ಲೆಕ್ಕದಲ್ಲಿ ಇ ಫ್ಲ್ಯಾಟ್, ಅದಕ್ಕಿಂತ ಸ್ವಲ್ಪ ಕೆಳಗೆ. ಗಂಟೆ ಬಾರಿಸಿದಾಗ ಕೈಯಲ್ಲಿದ್ದ ನಾಣ್ಯ ಬೀಳಿಸದೆ ಕೊನೆಯ ತನಕ ಕೇಳುತ್ತಿದ್ದೆ. ಆ ಶಾಲೆಗೆ ಸಣ್ಣ ಮಕ್ಕಳಿಗೆ ರೀಡಿಂಗ್, ಸಿಂಗಿಂಗ್ ಕಲಿಸಲು ಒಬ್ಬ ಟೀಚರ್ ಬೇಕಾಗಿತ್ತು. ಬಳ್ಳಾರಿಯ ನಮ್ಮ ಸಿಸ್ಟರ್ ನನ್ನ ಹೆಸರು ಹೇಳಿ, ಅಪ್ಪನಿಗೂ ತಿಳಿಸಿದ್ದರು. ಅಪ್ಪ ಚಳಿಗಾಲದಲ್ಲಿ ಬಂದು, ಟೋಪಿ ಕೈಯಲ್ಲಿ ಹಿಡಿದುಕೊಂಡು ಮಾವನನ್ನು ಕೇಳಿದರು.

“ಬ್ಯಾಡ ಅಂತ ಯಾರಂದ್ರು ಬೀಗರ?” ಅಂದರು ಮಾವ. “ಏಪ್ರಿಲ್‌ನಾಗ ನಯಾ ಪೈಸಾ ಬರ್ತಾವ. ಆಣೆ, ಪಾವಲಿ ಎಲ್ಲಾ ಹೋಗ್ತಾವ. ಆಮ್ಯಾಲೆ ಈ ಕೋಣ್ಯಾಗ ಏನ ಕೆಲಸ? ಜೂನ್‌ನಾಗ ಸಾಲಿ ಸುರು ಆಗೋದ್ರಾಗ ಕಳಸ್ತೀನಿ. ಮಾತಂದ್ರ ಮಾತು.”

ಹೊಸ ಪೈಸೆಗೆ ನನ್ನಷ್ಟು ಕಾದವರು ದೇಶದಲ್ಲಿ ಯಾರೂ ಇರಲಿಕ್ಕಿಲ್ಲ. ಐವತ್ತೇಳರ ಏಪ್ರಿಲ್‌ನಲ್ಲಿ ಬಂತು. ಒಂದು ನಯಾ ಪೈಸಾ, ತಾಮ್ರದ್ದು, ಬೆಳಗುವ ಕೆಂಪು. ನನ್ನ ಗಂಡ ತಂದು ಅಂಗೈಯಲ್ಲಿಟ್ಟರು. ಕಲ್ಲಿನ ಮೇಲೆ ಬೀಳಿಸಿದೆ. ಟಪ್ ಅಂದು ಸುಮ್ಮನಾಯಿತು. ಅದಕ್ಕೆ ಕಿವಿಯೇ ಬೇಕಾಗಿರಲಿಲ್ಲ. ಎಷ್ಟು ಖುಷಿಪಟ್ಟೆ!

ಆಗಿದ್ದೇ ಬೇರೆ. ಹಳೆಯ ನಾಣ್ಯ ಇನ್ನೂ ನಡೆಯುತ್ತದೆ ಅಂತ ಸರ್ಕಾರ ಹೇಳಿದ್ದು ಪೇಟೆಯವರಿಗಷ್ಟೇ ತಿಳಿದಿತ್ತು. ಹಳ್ಳಿಗಳಲ್ಲಿ ಬೇರೆ ಸುದ್ದಿ: ರಾಜನ ಮುಖದ ರೂಪಾಯಿ ಇನ್ನು ಮಣ್ಣು. ಪತ್ತಿಕೊಂಡದಿಂದ, ಪೆದ್ದಕಡುಬೂರಿನಿಂದ, ಸಿ. ಬೆಳಗಲ್ ಕಡೆಯಿಂದ ಜನ ಗಾಡಿ ಕಟ್ಟಿಕೊಂಡು ಬಂದರು. ಒಲೆಯ ಬುಡದಲ್ಲಿ ಹೂತಿಟ್ಟದ್ದು, ಜೋಳದ ಹಗೇವಿನಲ್ಲಿ ಬಚ್ಚಿಟ್ಟದ್ದು, ಗಡಿಗೆಗಟ್ಟಲೆ. ಕೆಲವು ರೂಪಾಯಿಗಳ ಅಂಚಿನಲ್ಲಿ ಬೆಸುಗೆಯ ಗುರುತು. ಕೊಂಡಿ ಹಚ್ಚಿ ಸರ ಮಾಡಿ ಯಾರೋ ಕೊರಳಲ್ಲಿ ಹಾಕಿಕೊಂಡಿದ್ದು. ಬರುವ ಮುಂಚೆ ಕೊಂಡಿ ಕಿತ್ತು ತಂದಿದ್ದರು. ಪಡಸಾಲೆಯ ತುಂಬ ಚೀಲ. ಊಟವಾದ ಮೇಲೆ ಅನ್ನುವುದು ಹೋಗಿ, ನಾಷ್ಟಾ ಆದ ಮೇಲಿಂದಲೇ ಚಿಲಕ ಬೀಳತೊಡಗಿತು.

ಆದೋನಿಯ ಮೇ ತಿಂಗಳು. ಕಲ್ಲು ಕೂಡ ಬೆವರುತ್ತದೆ ಅನ್ನಿಸುತ್ತಿತ್ತು. ನಾನು ಯಾವುದನ್ನೂ ಸುಮ್ಮನೆ ಕೇಳಲಾರದವಳಾದೆ. ತಟ್ಟೆಗೆ ಸೌಟು ತಾಗಿದರೂ ಮನಸ್ಸು ಅದನ್ನು ಒಂದು ಗುಂಪಿಗೆ ಹಾಕುತ್ತಿತ್ತು. ಒಂದು ದಿನ ಕೋಣೆಯೊಳಗೆ ಕ್ವಾಯರಿನ ಒಂದು ಸಾಲು ಗುನುಗಲು ನೋಡಿದೆ. ದನಿ ಹೊರಡಲಿಲ್ಲ. ಸದ್ದು ಮಾಡಬಾರದು ಅನ್ನುವುದು ಗಂಟಲಿಗೇ ಅಭ್ಯಾಸವಾಗಿಹೋಗಿತ್ತು. ಅವತ್ತು ನಿಜವಾಗಿ ಹೆದರಿದೆ. ಇನ್ನೊಂದು ವರ್ಷ ಇಲ್ಲಿದ್ದರೆ ಆ ಶಾಲೆಯವರು ಕರೆದರೂ ಹೋಗಿ ಹಾಡಲು ನನ್ನಲ್ಲಿ ಏನೂ ಉಳಿದಿರುವುದಿಲ್ಲ ಅಂತ.

ಜೂನ್ ಬಂತು. ಶಾಲೆ ಸೋಮವಾರ ತೆರೆಯುವುದಿತ್ತು. ಶನಿವಾರ ಅಪ್ಪ ಮತ್ತೆ ಬಂದರು. ಮಾವ ಚೀಲ ಸರಿಸಿ ಕೂರಲು ಜಾಗ ಮಾಡಿಕೊಟ್ಟರು.

“ಮಾತು ಕೊಟ್ಟಿದ್ದೆ, ಇಲ್ಲನ್ನಂಗಿಲ್ಲ. ಆದ್ರ ನೀವ ನೋಡ್ರಿ, ಕಾಲಿಡಾಕ ಜಾಗಿಲ್ಲ. ಇನ್ನೊಂದ್ ವರ್ಷ ಬೀಗರ.”

“ಸಿಸ್ಟರು ವರ್ಷ ಕಾಯಂಗಿಲ್ರಿ,” ಅಂದರು ಅಪ್ಪ. “ಸೋಮವಾರ ಹೋಗಲಿಲ್ಲಂದ್ರ ಬ್ಯಾರೇರನ್ನ ತಗೋತಾರಂತ.”

“ತಗೊಳ್ಳಲಿ. ಹಾಡು ಕಲಿಸೋರು ಎಲ್ಲಾ ಕಡೆ ಸಿಗ್ತಾರ. ಇಂಥಾ ಕಿವಿ ಎಲ್ಲಿ ಸಿಗತೈತಿ?”

ನಾನು ಅಡಿಗೆಮನೆಯ ಬಾಗಿಲಲ್ಲಿದ್ದೆ. ಅಪ್ಪ ಟೋಪಿಯನ್ನು ಮಂಡಿಯ ಮೇಲೆ ತಿರುಗಿಸತೊಡಗಿದರು. ಶಾಲೆಯ ಕೆಲಸ ಕೈತಪ್ಪಿತು ಅಂತ ಗೊತ್ತಾಯಿತು. ಅತ್ತೆ ಕಾಫಿ ಲೋಟಗಳನ್ನು ಒಯ್ದರು. ಬೀಗರ ಮುಂದೆ ಒಂದು, ಗಂಡನ ಮುಂದೆ ಒಂದು ಇಟ್ಟು, ಒಳಗೆ ಬರುವ ಬದಲು ಅಲ್ಲೇ ನಿಂತರು.

“ನನ್ನ ಹತ್ರ ಐತಲ್ರಿ,” ಅಂದರು.

“ಏನೈತಿ?”

“ಕಿವಿ.”

ಮಾವ ಕಾಫಿ ನೆತ್ತಿಗೇರಿಸಿಕೊಂಡು ನಕ್ಕರು. “ಬೀಗರ ಮುಂದ ಯಾಕ ನಗಿಸ್ತೀಯ? ನಿನ್ನ ಕಲ್ಲಿನ ಕಿವಿ ಊರಿಗೇ ಗೊತ್ತೈತಿ.”

ಅತ್ತೆ ಗೋಡೆಯ ಕಡೆ ಮುಖ ಮಾಡಿ ಕೂತರು. ನಾನು ಸೊಸೆಯಾಗಿ ಬಂದು ಕೂತಿದ್ದ ಅದೇ ಜಾಗ. “ಹಾಕ್ರಿ, ನೋಡೋಣ.”

ಮಾವ ತಮಾಷೆಗೆಂದೇ ಕೈಗೆ ಸಿಕ್ಕಿದ್ದನ್ನು ಹಾಕಿದರು. ಅತ್ತೆ ಬೆನ್ನು ತಿರುಗಿಸಿಕೊಂಡೇ ಹೇಳುತ್ತ ಹೋದರು, ಅಕ್ಕಿ ಆರಿಸುವಾಗ ಮಾತಾಡುವಷ್ಟು ಸಲೀಸಾಗಿ. “ಹಳೀ ಬೆಳ್ಳಿ. ಇದು ಅರ್ಧ. ಇದು ನಿಕ್ಕಲ್. ಇದು ಖೋಟಾ, ಬಿಸಾಕ್ರಿ. ಇದು ಬೆಳ್ಳೀನ, ಆದ್ರ ಕೊಂಡಿ ಹಚ್ಚಿದ್ದು. ಯಾರದೋ ಕೊಳ್ಳಾಗ ಇದ್ದದ್ದು.”

ಮಾವ ಆ ರೂಪಾಯಿಯನ್ನು ಬೆಳಕಿಗೆ ಹಿಡಿದರು. ಅಂಚಿನಲ್ಲಿ ಬೆಸುಗೆ. ನಮ್ಮ ಮನೆಗೆ ಸೈಲೆನ್ಸ್ ಹೊಸದಲ್ಲ, ಅಂಥ ಸೈಲೆನ್ಸ್ ಮಾತ್ರ ಹೊಸದು. ಬಾಗಿಲಲ್ಲಿ ಸಣ್ಣಗೆ ಆಡಿದ ಆ ತಲೆ ಏನು ಹೇಳಿತ್ತು ಅಂತ ನನಗೆ ಆಗ ತಿಳಿಯಿತು. ಎಲ್ಲಾ ಒಂದೇ ಅದಾವ ಅನ್ನು, ಹುಡುಗಿ. ಗೊತ್ತಿಲ್ಲ ಅನ್ನು.

“ಇಷ್ಟ ವರ್ಷ...” ಅಂದರು ಮಾವ. “ಇಷ್ಟ ವರ್ಷ ಸುಮ್ಮನ ಇದ್ದೆಲ್ಲ?”

“ನೀವು ಕೇಳಿದ್ದು ಒಂದ ಸಲ. ಆಮ್ಯಾಲೆ ಕೇಳಲೇ ಇಲ್ಲಲ್ಲ.”

ಮಾವ ವ್ಯವಹಾರಸ್ಥರು. ನೋವು ನುಂಗಿಕೊಳ್ಳುವಷ್ಟರಲ್ಲೇ ಲಾಭ ಕಂಡಿತು. “ಸರೇ. ಹಂಗಾದ್ರ ಇಬ್ರೂ ಕುಂದರ್ರಿ. ಮಳಿಗಾಲದೊಳಗ ಚೀಲ ಎಲ್ಲಾ ಮುಗಿತಾವ.”

ಮತ್ತೆ ಅದೇ ಕೋಣೆ ಅಂದುಕೊಂಡೆ ನಾನು. ಅತ್ತೆ ಮಾತ್ರ ಇದನ್ನು ಮೊದಲೇ ಎಣಿಸಿದ್ದವರ ಹಾಗೆ ಎದ್ದು ಸೆರಗು ಸರಿಮಾಡಿಕೊಂಡರು.

“ಎರಡು ಕಲ್ಲಿನ ಸದ್ದು ಒಂದ ಕೋಣ್ಯಾಗ ಕೂಡಿದ್ರ ಯಾರಿಗೇನ ಕೇಳಸ್ತೈತ್ರಿ? ಒಗ್ಗರಣಿ ಹಾಕಿದ್ರ ಸದ್ದು ಕೆಡತೈತಿ ಅಂತ ಇಡೀ ಮನೀನ ಮೂಗಿ ಮಾಡಿಟ್ಟೋರು ನೀವು. ಒಬ್ಬಾಕಿ ಕುಂದ್ರಬೇಕು. ನಾ ಕುಂದ್ರತೀನಿ. ಆಕಿ ಮುಂಜಾನಿ ಅಡಿಗಿ ಮಾಡಿಟ್ಟು ಸಾಲಿಗೆ ಹೋಗಲಿ.” ಆಮೇಲೆ, ಲೋಟ ಎತ್ತಿಕೊಳ್ಳುತ್ತ, ಉಪ್ಪು ತರಲು ಹೇಳುವ ದನಿಯಲ್ಲಿ, “ಬಡಿಗೇರವನ್ನ ಕರಸ್ರಿ. ಚಿಲಕ ಒಳಗ ಹಚ್ಚಲಿ.”

“ಒಳಗ ಯಾಕ?”

“ಕಳ್ಳರ ಭಯ ಅಲ್ರೀ? ಹೊರಗ ಚಿಲಕ ಇದ್ರ ಯಾರ ಬೇಕಾದ್ರೂ ತೆಗೀಬೋದು.”

ಅಪ್ಪ ಕಾಫಿ ಲೋಟದೊಳಗೆ ಮುಖ ಇಟ್ಟುಕೊಂಡು ಕೆಮ್ಮಿದರು.

ಭಾನುವಾರ ಬಡಗಿ ಬಂದು ಚಿಲಕ ಬಿಚ್ಚಿ ಒಳಗೆ ಹಚ್ಚಿದ. ಬಾಗಿಲ ಹೊರಮೈಯಲ್ಲಿ ಸ್ಕ್ರೂ ಇದ್ದ ತೂತುಗಳು ಹಾಗೇ ಉಳಿದವು. ನಾನು ಹೋಗಿ ಬರುವಾಗ ಅವುಗಳ ಮೇಲೆ ಬೆರಳಿಟ್ಟು ನೋಡುತ್ತಿದ್ದೆ. ಅತ್ತೆಗೆ ಏನು ಹೇಳಬೇಕೋ ತಿಳಿಯಲಿಲ್ಲ. ಇಂಗ್ಲಿಷಿನಲ್ಲಿ ಒಂದು ಮಾತಿತ್ತು, ಅದನ್ನು ಒಮ್ಮೆ ತಪ್ಪು ಜಾಗದಲ್ಲಿ ಖರ್ಚು ಮಾಡಿಬಿಟ್ಟಿದ್ದೆ. “ಅತ್ತಿ, ನನ್ನ ಸಲುವಾಗಿ ನೀವು...” ಅಂತ ಸುರು ಮಾಡಿದರೆ, ಅತ್ತೆ ರೊಟ್ಟಿ ಬಡಿಯುತ್ತ ಅಂದರು: “ನಿನ್ನ ಸಲುವಾಗಿ? ಹೋಗ, ದೊಡ್ಡಾಕಿ ಬಂದ್ಲು. ಮದಿವ್ಯಾದಾಗಿಂದ ಈ ಮನ್ಯಾಗ ಮಧ್ಯಾಹ್ನ ಅಡ್ಡಾಗಿಲ್ಲ ನಾನು. ಒಳಗ ಕುಂತ್ರ ಕಾಫಿ ತಾ, ನೀರು ತಾ ಅಂತ ಯಾರೂ ಕರಿಯಂಗಿಲ್ಲ.”

ನಂಬಬೇಕೋ ಬೇಡವೋ ಇವತ್ತಿಗೂ ಗೊತ್ತಿಲ್ಲ. ಸವೆದ ಬೆಳ್ಳಿ ಮಾರ್ಕೆಟ್ಟಿನಲ್ಲಿ ಸಿಗುವುದು ನಿಲ್ಲುವ ತನಕ, ಕೆಲವು ವರ್ಷ, ಅತ್ತೆ ಆ ಕೋಣೆಯಲ್ಲಿ ಕೂತರು. ಅವರ ಬೆರಳುಗಳೂ ಕರ್ರಗಾದವು. ಹುಣಸೆಹಣ್ಣು ನಾನೇ ನೆನೆಹಾಕಿ ಇಡುತ್ತಿದ್ದೆ. ಶಾಲೆಯಲ್ಲಿ ಮಕ್ಕಳು ಹಾಡುವಾಗ ಕೆಲವು ಸಲ ನನಗೆ ಆ ಕೋಣೆ ನೆನಪಾಗುತ್ತಿತ್ತು. ಈ ಹೊತ್ತಿಗೆ ಅಲ್ಲಿ ಹತ್ತಿ ಗಿಡಿದ ಕಿಟಕಿ, ಬಿಸಿ ಕಲ್ಲು, ಅವರೊಬ್ಬರೇ. ಒಬ್ಬರು ಹೊರಗೆ ಬರಬೇಕಾದರೆ ಇನ್ನೊಬ್ಬರು ಒಳಗೆ ಇರಲೇಬೇಕು, ಹಾಗಿತ್ತು ಆ ಮನೆ.

ಆದರೆ ಮೊದಲ ಸೋಮವಾರದ ಸಂಜೆ ಇನ್ನೂ ಕಿವಿಯಲ್ಲಿದೆ. ಹಳಿಯ ಗಂಟೆಯನ್ನು ಅವತ್ತು ಮರದ ಕೆಳಗೇ ನಿಂತು ಕೇಳಿ, ಮಕ್ಕಳನ್ನು ಕಳಿಸಿ, ಬಿಸಿಲಲ್ಲಿ ನಡೆದು ಮನೆಗೆ ಬಂದೆ. ಬಾಯಲ್ಲಿ ಹಾಡಿನ ಸಾಲು ಇನ್ನೂ ಇತ್ತು. ಪಡಸಾಲೆಯಲ್ಲಿ ಮಾವ ಕೋಣೆಯ ಮುಂದೆ ನಿಂತಿದ್ದರು. ಚಿಲಕವಿದ್ದ ಜಾಗಕ್ಕೆ ಅಭ್ಯಾಸದಿಂದ ಹೋದ ಕೈ, ಅಲ್ಲಿ ಏನೂ ಸಿಗದೆ, ಬಾಗಿಲ ಮೇಲೇ ಇತ್ತು. ಒಳಗಿನಿಂದ ಒಂದು ನಾಣ್ಯದ ಸದ್ದೂ ಇಲ್ಲ. ಬೆರಳ ಗೆಣ್ಣಿನಿಂದ ಮೆಲ್ಲಗೆ ತಟ್ಟಿದರು.

“ಏ, ನಾಕ ಗಂಟಿ ಆತು. ತೆಗಿ.”

ಇನ್ನೊಮ್ಮೆ ತಟ್ಟಿದರು. ಆಮೇಲೆ ಆಗಷ್ಟೇ ಎಚ್ಚರವಾದ ದನಿ. ಮಾವನಿಗೆ ತಿಳಿಯಲಿಲ್ಲ, ನನ್ನ ಕಿವಿಗೆ ತಿಳಿಯಿತು.

“ಕೇಳಾಕತ್ತೀನಿ. ಸದ್ದು ಮಾಡಬ್ಯಾಡ್ರಿ.”

ಮಾವ ತುಟಿಯ ಮೇಲೆ ಬೆರಳಿಟ್ಟು ನನ್ನ ಕಡೆ ನೋಡಿದರು. ನಾನು ಹಾಡು ನುಂಗಿಕೊಂಡು, ಬಳೆಗಳನ್ನು ಮೇಲಕ್ಕೇರಿಸಿ, ಚಪ್ಪಲಿ ಕೈಯಲ್ಲಿ ಹಿಡಿದು ಒಳಗೆ ಹೋದೆ.